ಚನ್ನಿಗರಾಯರ ತಟ್ಟೆ

ನಮ್ಮ ಊರಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಸರಿ, ಎದುರು ಕೂತವರನ್ನು ‘ಹೊಟ್ಟೆ ತುಂಬಿತಾ?’ ಎಂದು ಮಾತ್ರ ಕೇಳಬೇಡಿ. ‘ಇನ್ನೊಂದು ಮುದ್ದೆ ಹಾಕಲಾ?’ ಎನ್ನಿ, ‘ನಾಚಿಕೊಂಡರೆ ನಮಗೇನು ನಷ್ಟ’ ಎನ್ನಿ, ಬೇಕಾದರೆ ಬೈದು ಬಡಿಸಿ. ಆ ಒಂದು ಮಾತು ಬೇಡ. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ಬಾಯಿತಪ್ಪಿ ಕೇಳಿಬಿಟ್ಟು ಅತ್ತೆಯರಿಂದ ಉಗಿಸಿಕೊಳ್ಳುವುದುಂಟು.

ಕಾರಣ ನಮ್ಮ ಜೈಲು. ಊರ ನಡುವಿನ ಬಂಡೆಯ ಮೇಲೆ ಕೂತಿರುವ ಆ ಜೈಲಿಗೆ ಅಡುಗೆಮನೆ ಇಲ್ಲ. ಒಳಗಿರುವವರ ಊಟವನ್ನು ಹೊರಗಿರುವವರು ಉಣ್ಣಬೇಕು. ಒಬ್ಬ ಕೈದಿಗೆ ಒಂದು ಅಲ್ಯೂಮಿನಿಯಂ ತಟ್ಟೆ. ಅದನ್ನು ಅವನ ತಾಯಿಯೋ ಹೆಂಡತಿಯೋ ಮನೆಗೆ ತಂದು, ಜೈಲಿನ ಗಂಟೆ ಬಾರಿಸಿದಾಗ ಬಡಿಸಿಕೊಂಡು, ಮೊದಲ ತುತ್ತಿಗೆ ಅವನ ಹೆಸರು ಹೇಳಿ ಉಂಡರೆ ಅನ್ನ ಅವನ ಹೊಟ್ಟೆಗೆ ಹೋಗುತ್ತದೆ. ರುಚಿ ಇಬ್ಬರಿಗೂ. ಉಂಡವರಿಗೆ ಉಳಿಯುವುದು ದವಡೆ ನೋವು. ಹೊಟ್ಟೆ ಹೇಗಿತ್ತೋ ಹಾಗೇ ಇರುತ್ತದೆ. ಆಮೇಲೆ ತಮ್ಮ ತಟ್ಟೆ ಎಳೆದುಕೊಂಡು ತಮ್ಮ ಊಟ ಮಾಡುತ್ತಾರೆ. ಎಂದಾದರೂ ಜೈಲಿನ ತಟ್ಟೆಯಲ್ಲಿ ಉಂಡು ಹೊಟ್ಟೆ ತುಂಬಿತೋ, ಒಳಗಿನವನು ಒಲ್ಲೆನೆಂದು ಬಾಯಿ ಬಿಗಿಹಿಡಿದಿದ್ದಾನೆ, ಇಲ್ಲವೇ ಸತ್ತಿದ್ದಾನೆ ಎಂದು ಅರ್ಥ. ಬಾಯಿ ಬಿಗಿಹಿಡಿಯುವವರು ಎಲ್ಲೋ ಅಪರೂಪ. ಹಾಗಾಗಿ ಜೈಲಿನವರು ಸುದ್ದಿ ಮುಟ್ಟಿಸುವ ಮೊದಲೇ ಬೀದಿಯಲ್ಲಿ ಯಾರೋ ‘ಹೊಟ್ಟೆ ತುಂಬಿತಲ್ಲಪ್ಪೋ’ ಎಂದು ಎದೆ ಬಡಿದುಕೊಂಡು ಅಳುವುದು ಕೇಳಿಸುತ್ತದೆ. ನಾವು ಒಲೆಯ ಮುಂದಿನಿಂದ ಎದ್ದು ಹೋಗುತ್ತೇವೆ.

ದಿಕ್ಕಿಲ್ಲದ ಕೈದಿಗಳ ತಟ್ಟೆಗಳನ್ನು ಪುರಸಭೆಯವರು ಮನೆಗಳಿಗೆ ಹಂಚುತ್ತಾರೆ. ಯಾರೂ ಒಪ್ಪದಿದ್ದರೆ ಪುರಸಭೆಯ ಹಿಂದಿನ ಶೆಡ್ಡಿನಲ್ಲಿ ಸಂಬಳದ ಆಳುಗಳು ಗೊಣಗಿಕೊಂಡು ಅವರ ಹೆಸರಿನಲ್ಲಿ ನೀರುಗಂಜಿ ಕುಡಿಯುತ್ತಾರೆ. ಅದರಲ್ಲಿ ಜೀವ ಉಳಿಯುತ್ತದೆ, ಅಷ್ಟೇ. ಅಪ್ಪ ತೀರಿಕೊಂಡ ಮರುವರ್ಷ ನಮ್ಮ ಮನೆಗೂ ಒಂದು ತಟ್ಟೆ ಬಂತು. ನಾನು ಬೇಡವೆಂದೆ. ಅಮ್ಮ, ‘ಪಾಪ, ಒಂದ್ ತಟ್ಟೆ ತಾನೆ, ಇರ್ಲಿ ಬಿಡು’ ಎಂದು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು. ಅಂಚಿನಲ್ಲಿ ಮೊಳೆಯಿಂದ ಕೊರೆದಿತ್ತು: ಚನ್ನಿಗರಾಯ.

ನಮ್ಮದು ಹಿಟ್ಟಿನ ಗಿರಣಿ. ಅಪ್ಪನ ನಂತರ ನಾನೇ ನಡೆಸುತ್ತೇನೆ. ‘ಜಯಶೀಲಾ, ಮದುವೆ ಯಾವಾಗ?’ ಎಂದು ಕೇಳಿ ಕೇಳಿ ಊರೇ ಸುಸ್ತಾಯಿತು. ನನಗೆ ಮದುವೆ ಆಗಲಿಲ್ಲ, ಗಿರಣಿ ಆಯಿತು. ಅಪ್ಪ ಕೆಟ್ಟವನಲ್ಲ. ಆದರೆ ಅಷ್ಟು ವರ್ಷ ಅಮ್ಮನ ಕೈಯ ಊಟ ಉಂಡವನು ಒಂದು ದಿನವೂ ಚೆನ್ನಾಗಿದೆ ಎಂದದ್ದು ನಾನು ಕೇಳಲಿಲ್ಲ. ಉಂಡು, ತಟ್ಟೆಯನ್ನು ಮುಂದಕ್ಕೆ ನೂಕಿ, ಕೈತೊಳೆಯಲು ಎದ್ದು ಹೋಗುತ್ತಿದ್ದ. ನಾನೂ ಹಾಗೇ ನೂಕುತ್ತಿದ್ದೆ, ಸುಳ್ಳೇಕೆ. ಎಲ್ಲರದ್ದೂ ಆದ ಮೇಲೆ ಅಮ್ಮ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆರಿದ ಅನ್ನವನ್ನು ಪಾತ್ರೆಯ ತಳದಿಂದ ಕೆರೆದು ಉಣ್ಣುತ್ತಿದ್ದಳು. ಆ ಕೈದಿಗೂ ಮೊದಲು ಸಿಕ್ಕಿದ್ದು ಅದೇ ಆರಿದ ಊಟ.

ಒಂದು ದಿನ ಜೈಲಿನ ದಫೇದಾರ ಕೆಂಪಯ್ಯ ರಾಗಿ ಬೀಸಿಸಲು ಬಂದವನು, ಗಿರಣಿಯ ಬೆಲ್ಟಿನ ಸದ್ದಿನ ನಡುವೆ ಕೂಗಿ ಹೇಳಿದ: “ಅಮ್ಮಣ್ಣೀ, ನಿಮ್ಮಮ್ಮಂಗೆ ಒಂದ್ ಮಾತು ಹೇಳ್ಬಿಡು. ಚನ್ನಿಗರಾಯ ಹೇಳ್ಕಳಿಸ್ದ. ನಿನ್ನೆ ಬಸ್ಸಾರು ಬಲು ಸೊಗಸಾಗಿತ್ತಂತೆ. ಬಿಸಿ ಇದ್ದಿದ್ರೆ ಇನ್ನೂ ಸೊಗಸಾಗಿರೋದಂತೆ.”

ಆಹಾ, ಕೈದಿಯ ದೌಲತ್ತು ನೋಡಿ ಎಂದು ನಾನು ಮನೆಗೆ ಹೋಗಿ ನಗುತ್ತಾ ಹೇಳಿದೆ. ಅಮ್ಮ ನಗಲಿಲ್ಲ. ಸೌಟು ಹಿಡಿದುಕೊಂಡು ಹಾಗೇ ನಿಂತಳು. “ಏನಂದ್ರಂತೆ? ಇನ್ನೊಂದ್ ಸಲ ಹೇಳು,” ಎಂದಳು. ಹೇಳಿದೆ. ಮರುದಿನ ಗಂಟೆ ಬಾರಿಸಿದಾಗ ಅಮ್ಮ ಮಣೆ ಹಾಕಿಕೊಂಡು, ಕಾಲು ಮಡಚಿ ಕೂತು, ಹೊಗೆಯಾಡುವ ಮುದ್ದೆಗೆ ಬಿಸಿ ಸಾರು ಸುರಿದುಕೊಂಡು ಉಂಡಳು. ಅಮ್ಮ ಬಿಸಿ ಊಟ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಶುರುವಾಯಿತು ನೋಡಿ. ಪ್ರತಿ ಸಂತೆಯ ದಿನ ಅಮ್ಮ ಬಂಡೆ ಹತ್ತಿ ಜೈಲಿನ ಕಿಂಡಿಯ ಮುಂದೆ ನಿಲ್ಲತೊಡಗಿದಳು. ಇಬ್ಬರೂ ಏನು ಮಾತಾಡುತ್ತಿದ್ದರು ಎಂದು ಕೆಂಪಯ್ಯನನ್ನೇ ಕೇಳಿದೆ. “ಅಯ್ಯೋ, ಹುಣಸೆಹಣ್ಣು ಹಳೇದಾ ಹೊಸದಾ, ನುಗ್ಗೆಸೊಪ್ಪಿಗೆ ಬೆಳ್ಳುಳ್ಳಿ ಎಷ್ಟು. ಕೇಳಿ ಕೇಳಿ ನಂಗೇ ಹಸಿವಾಗ್ತದೆ,” ಎಂದ. ಅಮ್ಮನಿಗೆ ಹುಳಿ ಆಗುತ್ತಿರಲಿಲ್ಲ. ಈಗ ಸಾರಿಗೆ ಹುಳಿ ಜಾಸ್ತಿಯಾಯಿತು. ಗೂಡಿನ ತಟ್ಟೆ ಬೂದಿ ಹಾಕಿ ಉಜ್ಜಿಸಿಕೊಂಡು ಫಳಫಳ ಹೊಳೆಯಿತು. ಒಂದು ಸಂತೆಯ ದಿನ ಅಮ್ಮ ಹಸಿರು ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಹೊರಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

“ಏನಮ್ಮ ಇದು?”

“ಏನು? ಕುಂಕುಮ.”

“ಅದು ಕಾಣತ್ತೆ. ಯಾರ ಹೆಸರಲ್ಲಿ?”

“ಅವರು ಬೋಳು ಹಣೆ ನೋಡಕ್ಕಾಗಲ್ಲ ಅಂದ್ರು,” ಎಂದು ಅಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅವರು! ಅಪ್ಪನನ್ನು ಅಮ್ಮ ಹಾಗೆ ಕರೆಯುತ್ತಿದ್ದಳು. ಆ ಚನ್ನಿಗರಾಯ ಯಾರೆಂದು ಊರಿಗೆಲ್ಲ ಗೊತ್ತು. ಗದ್ದೆಯ ನೀರಿನ ಜಗಳದಲ್ಲಿ ಒಡಹುಟ್ಟಿದ ಅಣ್ಣನ ತಲೆಗೆ ಗುದ್ದಲಿಯಿಂದ ಹೊಡೆದು ಕೊಂದವನು. ಬದುಕಿರುವ ತನಕ ಒಳಗೇ ಇರಬೇಕೆಂದು ಶಿಕ್ಷೆ. ಗಿರಣಿಯಲ್ಲಿ ಸಾಲುಗಟ್ಟಿ ನಿಂತ ಹೆಂಗಸರು ನನ್ನನ್ನು ಕಂಡ ತಕ್ಷಣ ಮಾತು ನಿಲ್ಲಿಸುವರು. ಹಿಟ್ಟು ಮೆತ್ತಿದ ನನ್ನ ಮುಖ ನೋಡಿ ‘ಅಮ್ಮ ಚೆನ್ನಾಗಿದಾರಾ?’ ಎಂದು ತುಟಿಯ ತುದಿಯಲ್ಲಿ ನಗುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಮನೆಗೆ ಬಂದು ಅಮ್ಮನ ಮೇಲೆ ಹಾರಾಡುತ್ತಿದ್ದೆ. “ಕೊಲೆಗಡುಕನಿಗೆ ಹೆಂಡತಿ ಆಗ್ತೀಯಾ ಈ ವಯಸ್ಸಲ್ಲಿ? ನಿಂಗೆ ನಾಚಿಕೆ ಆಗಲ್ವಾ?” ಎಂದೆ ಒಮ್ಮೆ. ಅಮ್ಮ ಸೊಪ್ಪು ಬಿಡಿಸುತ್ತಲೇ, “ನಾಚಿಕೆ ಆಗತ್ತೆ. ಆದ್ರೂ ಹೋಗ್ತೀನಿ,” ಎಂದಳು. ನಾನು ನನ್ನ ತಟ್ಟೆ ನೂಕಿ ಎದ್ದುಹೋದೆ.

ಹೀಗೇ ಕೆಲವು ವರ್ಷ ಕಳೆಯಿತು. ಆಮೇಲೆ ಅಮ್ಮನ ತುತ್ತು ಚಿಕ್ಕದಾಯಿತು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಮುದ್ದೆ. ಉಣ್ಣುವಾಗ ಕಣ್ಣು ಮುಚ್ಚಿ, ಕತ್ತು ಹಿಡಿದುಕೊಂಡು ನುಂಗುತ್ತಿದ್ದಳು. ಡಾಕ್ಟರು ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ, ನನ್ನನ್ನು ಹೊರಗೆ ಕರೆದು, ಗಡ್ಡೆ ಇದೆ, ತಡವಾಗಿದೆ ಎಂದರು. “ನುಂಗೋಕಾಗೋಷ್ಟು ದಿನ ಗಂಜಿ, ಹಾಲು ಏನಾದ್ರೂ ಒಳಗೆ ಹೋಗ್ಲಿ. ಹೊಟ್ಟೆಗೆ ಬಿದ್ದಷ್ಟು ದಿನ ಜೀವ,” ಎಂದರು.

ಅಮ್ಮನಿಂದ ದಿನಕ್ಕೆ ನುಂಗಲಾಗುತ್ತಿದ್ದದ್ದು ನಾಲ್ಕಾರು ತುತ್ತು. ಆ ನಾಲ್ಕಾರು ತುತ್ತನ್ನೂ ಅವಳು ಚನ್ನಿಗರಾಯನ ತಟ್ಟೆಯಿಂದಲೇ ನುಂಗುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಬಾಯಿಯ ಮೂಲೆಯಲ್ಲಿ ರಕ್ತ ಬಂದಿರುತ್ತಿತ್ತು. ತನ್ನ ಪಾಲಿನ ಗಂಜಿಯನ್ನು ಹಾಗೇ ದೂರ ಸರಿಸುತ್ತಿದ್ದಳು. ಅವಳು ನುಂಗಿದ್ದೆಲ್ಲ ಬಂಡೆಯ ಮೇಲಿನ ಜೈಲಿಗೆ ಹೋಗುತ್ತಿತ್ತು, ಅವಳ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು. ನನ್ನ ಕಣ್ಣೆದುರಿಗೇ ಅವನು ನನ್ನ ತಾಯಿಯನ್ನು ತಿನ್ನುತ್ತಿದ್ದ. ನನಗೆ ಹಾಗೇ ಕಂಡಿತು. ಬೇರೆ ಹೇಗೆ ಕಾಣಬೇಕು?

“ತಟ್ಟೆ ಪುರಸಭೆಗೆ ಕೊಟ್ಬಿಡೋಣ ಕಣಮ್ಮ,” ಎಂದು ಕಾಲು ಹಿಡಿದೆ.

“ಆ ನೀರುಗಂಜಿ ಅವರಿಗೆ ಸೇರಲ್ಲ.”

“ನಿಂಗೆ ಏನು ಸೇರತ್ತೆ? ಮಣ್ಣಾ?”

ಅಮ್ಮ ನನ್ನ ಮುಖ ನೋಡಿದಳು. “ನೀನು ಉಣ್ತೀಯಾ ಅವರಿಗೆ?” ಎಂದು ಮೆಲ್ಲಗೆ ಕೇಳಿದಳು.

“ನನ್ನ ಬಾಯಲ್ಲಿ ಆ ಹೆಸರಾ? ಸುಟ್ರೂ ಬರಲ್ಲ,” ಎಂದೆ. ಅಮ್ಮ ಮತ್ತೆ ಕೇಳಲಿಲ್ಲ.

ಮುಂದಿನ ಸಂತೆಯ ದಿನ ಅಮ್ಮನಿಗೆ ಎದ್ದು ನಿಲ್ಲಲು ಆಗಲಿಲ್ಲ. ಪಕ್ಕದ ಮನೆಯ ಪಾರ್ವತಕ್ಕನನ್ನು ಅವಳ ಬಳಿ ಕೂರಿಸಿ ನಾನು ಬಂಡೆ ಹತ್ತಿದೆ. ಯಾವನೋ ಕಟ್ಟುಮಸ್ತಾದ, ಕೆಂಗಣ್ಣಿನ ಮನುಷ್ಯನನ್ನು ಬೈಯಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಕಿಂಡಿಯ ಆಚೆ ಬಂದು ನಿಂತವನು ಒಬ್ಬ ಕುಳ್ಳ ಮುದುಕ. ದೊಡ್ಡ ಕಿವಿ, ಬಿಳಿ ಹುಬ್ಬು. ಗಿರಣಿಯಲ್ಲಿ ಚೀಲ ಹಿಡಿದು ನಿಲ್ಲುವ ಮುದುಕರ ನಡುವೆ ನಿಂತಿದ್ದರೆ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ.

“ಜಯಶೀಲಮ್ಮ ಅಲ್ವಾ?” ಎಂದ. “ತಲೇಲಿ ಹಿಟ್ಟಿದೆ. ದೇವೀರಮ್ಮ ಹೇಳ್ತಿದ್ರು, ಎಷ್ಟು ತೊಳೆದ್ರೂ ಹೋಗಲ್ಲ ಅಂತ.”

ನನ್ನ ತಾಯಿಯ ಹೆಸರು ಅವನ ಬಾಯಲ್ಲಿ! “ಅಮ್ಮ ಸಾಯ್ತಿದಾಳೆ,” ಎಂದೆ. “ನಿಮ್ಮಿಂದ.”

ಅವನು ಕಿಂಡಿಯ ಸರಳು ಹಿಡಿದುಕೊಂಡ. “ಗೊತ್ತು ತಾಯಿ,” ಎಂದ. “ಯುಗಾದಿ ಆದಾಗಿಂದ ಪ್ರತಿ ತುತ್ತಲ್ಲೂ ರಕ್ತದ ರುಚಿ. ಕೇಳಿದ್ರೆ ನಾಲಿಗೆ ಕಚ್ಕೊಂಡೆ ಅಂತಾರೆ. ದಿನಾ ಯಾರಾದ್ರೂ ನಾಲಿಗೆ ಕಚ್ಕೋತಾರಾ?”

“ಗೊತ್ತಿದ್ದೂ ಉಂಡ್ರಾ?”

“ಉಂಡೆ. ಒಲ್ಲೆ ಅಂದ್ರೆ ಅವರ ಹೊಟ್ಟೆ ತುಂಬತ್ತೆ. ನಾನು ಸತ್ತೆ ಅಂದ್ಕೊಂಡ್ಬಿಡ್ತಾರೆ. ಅದಕ್ಕೆ ಹೆದರ್ಕೊಂಡು ಉಂಡೆ.” ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. “ಅಣ್ಣನ್ನ ಹೊಡೆದ್ನಲ್ಲ ತಾಯಿ, ಆಗ್ಲೂ ಇಷ್ಟು ಪಾಪ ಅನ್ನಿಸಿರ್ಲಿಲ್ಲ.”

ನನಗೆ ಕರುಣೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. “ಹಾಗಾದ್ರೆ ಬಾಯಿ ಬಿಗಿಹಿಡೀರಿ,” ಎಂದೆ. “ಅವಳು ನುಂಗೋ ನಾಲ್ಕು ತುತ್ತು ಅವಳ ಹೊಟ್ಟೇಲೇ ನಿಲ್ಲಲಿ. ತಟ್ಟೆ ನಾನು ಪುರಸಭೆಗೆ ಮುಟ್ಟಿಸ್ತೀನಿ.”

“ಆಗ್ಲಿ,” ಎಂದ. “ನೀವು ಮಾತ್ರ ಅವರ ಪಕ್ಕ ಬಿಟ್ಟು ಏಳ್ಬೇಡಿ.”

ನಾನು ಮಾಡಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಾಯಿಯನ್ನು ಉಳಿಸಿಕೊಳ್ಳಲು ಯಾವ ಮಗಳಾದರೂ ಅದನ್ನೇ ಮಾಡುತ್ತಿದ್ದಳು. ಅವತ್ತು ಗಂಟೆ ಬಾರಿಸಿದಾಗ ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದೆ. ತಟ್ಟೆಯಲ್ಲಿ ಮೆತ್ತಗೆ ಹಿಸುಕಿದ ಅನ್ನ, ತಿಳಿಸಾರು. ‘ಚನ್ನಿಗರಾಯ’ ಎಂದು ತುಟಿಯಲ್ಲೇ ಹೇಳಿ ಅಮ್ಮ ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ಆಮೇಲೆ ಅವಳ ಕೈ ತಟ್ಟೆಯ ಮೇಲೇ ನಿಂತಿತು.

“ಹೊಟ್ಟೆ...” ಎಂದಳು. ನನ್ನತ್ತ ತಿರುಗಿದಳು. “ಹೊಟ್ಟೆ ತುಂಬ್ತು ಕಣೇ.”

ಅವಳು ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟು, ಎಡಗೈಯಲ್ಲಿ ಸೆರಗು ಹಿಡಿದು ಹಣೆಯ ಕುಂಕುಮ ಒರೆಸಿಕೊಂಡಳು. ಅಪ್ಪ ಹೋದಾಗ ಅದನ್ನು ಬೇರೆಯವರು ಒರೆಸಿದ್ದರು. ಈ ಸಲ ತಾನೇ ಒರೆಸಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಅತ್ತು ಸುಧಾರಿಸಿಕೊಳ್ಳಲಿ, ನಾಳೆಯಿಂದ ತನ್ನ ಗಂಜಿ ತಾನು ಕುಡಿಯುತ್ತಾಳೆ, ನಾಲ್ಕು ದಿನ ಹೆಚ್ಚು ಬದುಕುತ್ತಾಳೆ ಎಂದುಕೊಂಡೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಮರುದಿನ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿರುಗಲಿಲ್ಲ. ಚಮಚದಲ್ಲಿ ಬಿಟ್ಟ ಗಂಜಿ ಹಲ್ಲಿನ ಸಂದಿಯಿಂದ ಹೊರಗೆ ಹರಿದು ದಿಂಬು ನೆನೆಯಿತು. ಬೈದೆ, ಬೇಡಿಕೊಂಡೆ, ದೇವರ ಮೇಲೆ ಆಣೆ ಹಾಕಿದೆ. ಗಿರಣಿಯ ಬಾಗಿಲು ತೆಗೆಯಲಿಲ್ಲ. ತಟ್ಟೆಯನ್ನು ಪುರಸಭೆಗೆ ಒಯ್ಯುವುದೂ ಆಗಲಿಲ್ಲ. ಹೊತ್ತು ಇಳಿಯುವಾಗ ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ಆ ಮನುಷ್ಯ ಸತ್ತಿಲ್ಲ ಕಣಮ್ಮ. ಒಲ್ಲೆ ಅಂದಿದಾನೆ, ಅಷ್ಟೇ. ನಾನೇ ಹೋಗಿ ಹೇಳಿ ಬಂದೆ.”

ಅಮ್ಮ ತಿರುಗಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ಗಂಜಿ ಕುಡಿಸೋಕೆ ಸುಳ್ಳು ಹೇಳ್ತೀಯಾ ಮಗಾ,” ಎಂದು ಮತ್ತೆ ಗೋಡೆಗೆ ತಿರುಗಿದಳು.

ಎಷ್ಟು ಹೇಳಿದರೂ ನಂಬಲಿಲ್ಲ. ನಮ್ಮೂರಿನಲ್ಲಿ ಇಂಥದ್ದಕ್ಕೆ ಮಾತಿನ ಸಾಕ್ಷಿ ನಡೆಯುವುದಿಲ್ಲ. ಇರುವುದು ಒಂದೇ ಸಾಕ್ಷಿ.

ಅಷ್ಟರಲ್ಲಿ ಜೈಲಿನ ಗಂಟೆ ಬಾರಿಸಿತು. ನಾನು ಎದ್ದು ಹೋಗಿ ಗಡಿಬಿಡಿಯಲ್ಲಿ ಮುದ್ದೆ ತಿರುವಿದೆ. ಬೇಗ ಬೇಗ ತಿರುವಿ ಗಂಟುಗಂಟಾಯಿತು. ಗೂಡಿನಿಂದ ತಟ್ಟೆ ತೆಗೆದು, ಮುದ್ದೆ ಇಟ್ಟು, ಸಾರು ಸುರಿದುಕೊಂಡು ಅಮ್ಮನ ಹಾಸಿಗೆಯ ಪಕ್ಕ ಕೂತೆ. ಬೆಳಗಿನಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ತುತ್ತು ಮುರಿದೆ. “ಚನ್ನಿಗರಾಯ,” ಎಂದೆ. ಅಮ್ಮನ ಬೆನ್ನು ಅಲುಗಿತು.

ಉಂಡೆ. ಆ ಮನುಷ್ಯ ಹಟ ಹಿಡಿದು ಬಾಯಿ ಮುಚ್ಚಿಯೇ ಕೂತಿದ್ದರೆ? ಕೊಟ್ಟ ಮಾತು ಉಳಿಸಿಕೊಳ್ಳುವ ಹಾಳು ಬುದ್ಧಿ ಅವನಿಗಿದ್ದರೆ? ನಿಜವಾಗಿಯೂ ಸತ್ತಿದ್ದರೆ? ಒಂದೊಂದು ತುತ್ತಿಗೂ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಉಸಿರು ಹಿಡಿದು ಕಾದೆ. ಅಮ್ಮ ಯಾವಾಗಲೋ ಈಚೆ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಮುದ್ದೆ ಮುಗಿಯಿತು. ಸಾರು ಬಳಿದೆ. ಆಗ ನಮ್ಮ ಊರಿನಲ್ಲಿ ಯಾರೂ ಕೇಳಬಾರದ ಮಾತನ್ನು ಅಮ್ಮ ಕೇಳಿದಳು.

“ಹೊಟ್ಟೆ ತುಂಬಿತಾ?”

“ಇಲ್ಲಮ್ಮ.”

“ನಿಜ ಹೇಳು.”

“ನಿನ್ನಾಣೆ ಇಲ್ಲ. ಖಾಲಿ. ಹಸಿವಿಂದ ಕಣ್ಣು ಕತ್ತಲೆ ಬರ್ತಿದೆ.”

ಅಮ್ಮ ಕೈಚಾಚಿ ನನ್ನ ಹೊಟ್ಟೆಯ ಮೇಲಿಟ್ಟಳು. ಅದೇ ಹೊತ್ತಿಗೆ ನನ್ನ ಹೊಟ್ಟೆ ಗೊಳ್ ಎಂದು ಸದ್ದು ಮಾಡಿತು. ಅಮ್ಮ ನಕ್ಕಳು. ನಗಲು ಹೋಗಿ ಕೆಮ್ಮು ಬಂತು, ಕೆಮ್ಮಿನ ಜೊತೆ ರಕ್ತ ಬಂತು, ಅದನ್ನು ಒರೆಸಿಕೊಂಡು ಮತ್ತೆ ನಕ್ಕಳು. “ಎಲ್ಲಿ, ಆ ಗಂಜಿ ಕೊಡು,” ಎಂದಳು.

ನಾಲ್ಕೈದು ದಿನ ಬಿಟ್ಟು ಕೆಂಪಯ್ಯ ಮನೆಯ ಬಾಗಿಲಿಗೇ ಬಂದ. “ಆವತ್ತು ನೀನು ಉಂಡಾಗ ಚನ್ನಿಗರಾಯ ಬಾಯಿ ಬಿಗಿಹಿಡ್ಕೊಂಡೇ ಕೂತಿದ್ನಂತೆ. ಬಾಯಿ ಮುಚ್ಚಿದ್ರೂ ಮೊದಲ ತುತ್ತಿನ ರುಚಿ ನಾಲಿಗೆಗೆ ಬಂದೇ ಬರತ್ತಲ್ಲ. ರಕ್ತ ಇರ್ಲಿಲ್ವಂತೆ, ಮುದ್ದೆ ಗಂಟುಗಂಟಿತ್ತಂತೆ. ಇದು ಮಗಳ ಕೈಯಿ ಅಂತ ಗೊತ್ತಾಗಿ ಬಾಯಿ ಬಿಟ್ನಂತೆ,” ಎಂದ. ಗಂಟಂತೆ! ನನಗೆ ಸಿಟ್ಟು ಬಂತು. ಅಮ್ಮ ಒಳಗಿನಿಂದಲೇ, “ಹಿಟ್ಟು ಒಂದೇ ಸಲ ಸುರೀಬೇಡ ಅಂತ ನಾನು ಹೇಳಿಲ್ವಾ?” ಎಂದಳು.

ಅವರೆಕಾಯಿಯ ಕಾಲ ಮುಗಿಯುವವರೆಗೆ ಅಮ್ಮ ಇದ್ದಳು. ಮಲಗಿದಲ್ಲಿಂದಲೇ ನನಗೆ ಅಡುಗೆ ಕಲಿಸಿದಳು. ಸಾರನ್ನು ಅವಳ ಅಂಗೈಗೆ ಒಂದು ಹನಿ ಬಿಟ್ಟರೆ ನಾಲಿಗೆಯಲ್ಲಿ ಮುಟ್ಟಿ ನೋಡಿ, ಹುಳಿ ಸಾಲದು, ಉಪ್ಪು ಮುಂದಾಯಿತು ಎಂದು ಮೂಗು ಮುರಿಯುವಳು. ಸಂತೆಯ ದಿನ ನಾನೇ ಕಿಂಡಿಗೆ ಹೋಗಿ ಅವಳ ಮಾತು ಅಲ್ಲಿಗೆ, ಅಲ್ಲಿಯ ಮಾತು ಇಲ್ಲಿಗೆ ಮುಟ್ಟಿಸುತ್ತಿದ್ದೆ. ಕೊನೆಕೊನೆಗೆ ಅವಳ ಹಣೆಗೆ ಕುಂಕುಮವನ್ನೂ ನಾನೇ ಇಡುತ್ತಿದ್ದೆ. ಆ ಮನುಷ್ಯನನ್ನು ಒಪ್ಪಿದೆ ಎಂದಲ್ಲ. ಅವನ ಹೆಸರು ದಿನಕ್ಕೊಮ್ಮೆ ಹೇಳುತ್ತಿದ್ದೆ, ಉಣ್ಣುತ್ತಿದ್ದೆ, ತಟ್ಟೆ ತೊಳೆದಿಡುತ್ತಿದ್ದೆ.

ಅಮ್ಮ ಹೋದದ್ದು ಒಂದು ಬೆಳಗ್ಗೆ, ಹಾಲು ಕಾಯಿಸುತ್ತಿದ್ದಾಗ. ಕರೆದೆ, ಓ ಎನ್ನಲಿಲ್ಲ.

ಮಧ್ಯಾಹ್ನಕ್ಕೆಲ್ಲ ಮಣ್ಣು ಮಾಡಿ ಬಂದೆವು. ಊರು ಅಷ್ಟೇನೂ ಬರಲಿಲ್ಲ. ಬಂದವರು ಅಮ್ಮನ ಹಣೆಯ ಕುಂಕುಮ ನೋಡಿ ಮುಖ ಮುಖ ನೋಡಿಕೊಂಡರು. ಒಬ್ಬಳು ಒರೆಸಲು ಕೈಚಾಚಿದಾಗ ನಾನು ಆ ಕೈ ಹಿಡಿದುಕೊಂಡೆ. ಕೆಂಪಯ್ಯ ಗುಂಡಿಯ ಬಳಿ ಒಂದು ಹಿಡಿ ಮಣ್ಣು ಹಾಕಿ ಬಂಡೆಯ ಕಡೆ ಹೋದ. ಸಂಜೆ ಮತ್ತೆ ಬಂದು ಹೊಸ್ತಿಲ ಹೊರಗೇ ನಿಂತು, “ಹೇಳ್ದೆ ಅಮ್ಮಣ್ಣಿ,” ಎಂದ. “ಎದ್ದು ತಲೆಗೆ ಒಂದ್ ಚೊಂಬು ನೀರು ಹುಯ್ಕೊಂಡು, ಗೋಡೆ ಕಡೆ ತಿರುಗಿ ಕೂತ.”

ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಪಾರ್ವತಕ್ಕ ತನ್ನ ಮನೆಯಿಂದ ಅನ್ನ ಸಾರು ತಂದಿಟ್ಟು, “ಒಂದ್ ತುತ್ತಾದ್ರೂ ತಿನ್ನೇ,” ಎಂದು ಗೋಗರೆದಳು. ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಹಿಂದಿನ ದಿನದಿಂದ ನಾನು ಉಂಡಿರಲಿಲ್ಲ, ಉಣ್ಣುವ ಆಸೆಯೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು. ನಾನು ಉಪವಾಸ ಇರಬಹುದು. ಒಳಗಿರುವವನನ್ನು ಉಪವಾಸ ಕೆಡವಲು ನಾನು ಯಾರು? ಗೂಡಿನಿಂದ ತಟ್ಟೆ ತೆಗೆದು ಬಡಿಸಿಕೊಂಡೆ. ಹೆಸರು ಹೇಳಿದೆ. ಅಳುತ್ತಲೇ ನುಂಗಿದೆ. ಕರ್ತವ್ಯಕ್ಕೆ ನುಂಗಿದೆ.

ನಾಲ್ಕು ತುತ್ತು ಆಗಿತ್ತೋ ಏನೋ. ಹೊಟ್ಟೆಯೊಳಗೆ ಬೆಚ್ಚಗೆ ಏನೋ ಇಳಿದು ನಿಂತಂತಾಯಿತು. ಇನ್ನೊಂದು ತುತ್ತು ನುಂಗಿದೆ. ಅದೂ ನನ್ನಲ್ಲೇ ನಿಂತಿತು. ಕೈಕಾಲಿಗೆ ಜೀವ ಬಂತು. ನಾನು ಎಡಗೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಂಡೆಯ ಮೇಲೆ ಒದ್ದೆ ತಲೆಯಲ್ಲಿ ಗೋಡೆಗೆ ತಿರುಗಿ ಕೂತವರನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತೆ.

ಜಗಲಿಯಲ್ಲಿ ಕೂತಿದ್ದ ಪಾರ್ವತಕ್ಕ ಹೆದರಿ ಓಡಿಬಂದಳು. ನನ್ನ ಕೈ ಹೊಟ್ಟೆಯ ಮೇಲಿರುವುದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ ಶಿವನೇ! ಹೊಟ್ಟೆ ತುಂಬ್ತೇನೇ? ಅವನೂ ಹೋದ್ನಾ?”

“ಇಲ್ಲ ಅಕ್ಕಾ,” ಎಂದೆ. “ಅವರಿಗೂ ಸೂತಕ. ಇವತ್ತು ಅವರು ಉಣ್ಣಲ್ಲ.”